ಹದಿನಾರು ಆಳಿನ ಸರ್ವರ್, ಹನ್ನೆರಡು ಆಳಿನ ಲ್ಯಾಪ್‌ಟಾಪ್: ಹೊಸಹೊಳಲಿನಲ್ಲಿ ನಾವು ಹಾಕಿದ ಲೆಕ್ಕ

ನಮ್ಮ ಗುಂಪಿಗೆ ವಿಡಿಯೊ ಎಡಿಟ್ ಮಾಡಲು ಒಂದು ಕಂಪ್ಯೂಟರ್ ಬೇಕಿತ್ತು. ಬರಹದ ಕೆಲಸ ಇಷ್ಟು ದಿನ ಫೋನಿನಲ್ಲೇ ಸಾಗಿತ್ತು. ನೀವು ಫೋನಿನಲ್ಲಿ ಓದುತ್ತೀರಿ, ನಾವು ಫೋನಿನಲ್ಲೇ ಟೈಪ್ ಮಾಡುತ್ತೇವೆ, ಲೆಕ್ಕ ಸರಿಹೋಗಿತ್ತು. ಆದರೆ ನಮ್ಮೂರ ಲಕ್ಷ್ಮೀನಾರಾಯಣ ದೇವಸ್ಥಾನದ ಮೇಲೆ ಅರ್ಧ ಗಂಟೆಯ ವಿಡಿಯೊ ಮಾಡೋಣ ಎಂದು ಹೊರಟಾಗ ಫೋನು ಕೈಚೆಲ್ಲಿತು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೊ ಪಟ್ಟಿಗೆ ಸೇರಿದವು. ಅದೇ ಹೊಯ್ಸಳರ ಕಾಲದ, ಹದಿಮೂರನೇ ಶತಮಾನದ ನಮ್ಮ ತ್ರಿಕೂಟ ದೇಗುಲ ಕೆ.ಆರ್.ಪೇಟೆಯ ಪಕ್ಕದಲ್ಲೇ ಇದ್ದೂ ಮೈಸೂರಿನವರಿಗೇ ಗೊತ್ತಿಲ್ಲ. ಹೊರಗೋಡೆಯ ಸುತ್ತ ಆನೆ, ಕುದುರೆ, ಬಳ್ಳಿ, ಅದರ ಮೇಲೆ ರಾಮಾಯಣ ಮಹಾಭಾರತದ ಸಾಲು, ಮಕರ, ಹಂಸ. ಇವನ್ನೆಲ್ಲ ಸಾಲುಸಾಲಾಗಿ ಶೂಟ್ ಮಾಡಿಕೊಂಡೆವು. ಊರ ಹಿರಿಯರನ್ನು ಕೂರಿಸಿ ಮಾತಾಡಿಸಿದೆವು. ಮೂರು ಜನರ ಫೋನಿನಲ್ಲಿ ಸೇರಿ ನೂರು ಜಿಬಿ ದಾಟಿತು. ಇದನ್ನು ಕತ್ತರಿಸಿ ಜೋಡಿಸಲು ಯಂತ್ರ ಬೇಕು.

ದುಡ್ಡು ಐದು ಜನ ಸೇರಿ ಹಾಕಿದ್ದು. ಎಲ್ಲರದೂ ಸಣ್ಣಪುಟ್ಟ ಸಂಬಳ. ಒಬ್ಬರು ಪತ್ರಿಕೆಗೆ ಅರೆಕಾಲಿಕ ವರದಿ ಮಾಡುವವರು, ಒಬ್ಬರು ಟ್ಯೂಷನ್ ಹೇಳುವವರು. ಹಾಗಾಗಿ ಒಂದೇ ಸಲ ಕೊಳ್ಳುವುದು, ನಾಲ್ಕೈದು ವರ್ಷ ಬಾಳಬೇಕು. ಎದುರಿಗೆ ಎರಡು ದಾರಿ ಇದ್ದವು.

ಮೊದಲನೆಯದು ನಮ್ಮೂರಿನವರೇ ಆದ ಅಣ್ಣ ಒಬ್ಬರು ಬೆಂಗಳೂರಿನಿಂದ ಫೋನ್ ಮಾಡಿ ಹೇಳಿದ್ದು. ಅವರಿಗೆ ಗೊತ್ತಿರುವ ಕಡೆ ಹಳೇ ವರ್ಕ್‌ಸ್ಟೇಷನ್ ಒಂದನ್ನು ವಿಲೇವಾರಿ ಮಾಡುತ್ತಿದ್ದರು. ಒಳಗೆ ಇಂಟೆಲ್ ಕಂಪನಿಯ ಝಿಯಾನ್ ಇ5-2670 ಎಂಬ ಸರ್ವರ್ ಪ್ರೊಸೆಸರ್, 64 ಜಿಬಿ ರ‍್ಯಾಮ್. ಹದಿನಾಲ್ಕು ಸಾವಿರಕ್ಕೆ ಸಿಗುತ್ತದೆ ಎಂದರು. ಎರಡನೆಯದು ಅಂಗಡಿಯಲ್ಲಿ ನೋಡಿದ ಲ್ಯಾಪ್‌ಟಾಪ್. ಅದರಲ್ಲಿರುವುದೂ ಇಂಟೆಲ್ ಪ್ರೊಸೆಸರೇ, ಕೋರ್ ಐ5-1235ಯು. ಬೆಲೆ ನಲವತ್ತೆಂಟು ಸಾವಿರ, ರ‍್ಯಾಮ್ 8 ಜಿಬಿ ಮಾತ್ರ. ಕಾಗದದ ಮೇಲೆ ನೋಡಿದರೆ ಯಾರಾದರೂ ಮೊದಲನೆಯದಕ್ಕೇ ಕೈ ಹಾಕುತ್ತಾರೆ. ನಮ್ಮಲ್ಲೂ ಮೂವರು ಅದರ ಕಡೆಗಿದ್ದರು.

ಸರ್ವರ್ ಎಂಬ ಮಾತು ನಮಗೆಲ್ಲ ಚೆನ್ನಾಗಿ ಗೊತ್ತು. ರೇಷನ್ ತರಲು ಹೋದರೆ ‘ಸರ್ವರ್ ಇಲ್ಲ, ನಾಳೆ ಬನ್ನಿ’. ಪಹಣಿ ತೆಗೆಸಲು ಹೋದರೆ ‘ಸರ್ವರ್ ಬ್ಯುಸಿ’. ಎಲ್ಲೋ ದೂರದಲ್ಲಿ ಕೂತು ಸಾವಿರಾರು ಜನರ ಬೇಡಿಕೆಗೆ ಒಟ್ಟಿಗೆ ಉತ್ತರ ಕೊಡುವ ಕಂಪ್ಯೂಟರೇ ಸರ್ವರ್. ಅದಕ್ಕೆ ಹಾಕುವ ಪ್ರೊಸೆಸರ್‌ಗೆ ರಾತ್ರಿ ಹಗಲೆನ್ನದೆ ದುಡಿಯುವ ತಾಕತ್ತು ಬೇಕು, ಒಟ್ಟಿಗೆ ಬಹಳ ಕೈ ಬೇಕು. ಲ್ಯಾಪ್‌ಟಾಪಿನದು ಒಬ್ಬರ ಸೇವೆ. ಒತ್ತಿದ ಕೂಡಲೇ ಓಡಬೇಕು, ಕೆಲಸ ಮುಗಿದ ಕೂಡಲೇ ಬ್ಯಾಟರಿ ಉಳಿಸಲು ಕಣ್ಣು ಮುಚ್ಚಬೇಕು. ಇಬ್ಬರ ಹುಟ್ಟುಗುಣವೇ ಬೇರೆ.

ಈಗ ಅಂಕಿಗಳಿಗೆ ಬರೋಣ. ಇ5-2670 ಮಾರುಕಟ್ಟೆಗೆ ಬಂದದ್ದು 2012ರಲ್ಲಿ. ಆಗ ಒಂದು ಪ್ರೊಸೆಸರಿಗೇ ಸಾವಿರದೈನೂರು ಡಾಲರಿಗೂ ಮೇಲೆ. 2016ರ ಸುಮಾರಿಗೆ ದೊಡ್ಡ ಡೇಟಾ ಸೆಂಟರ್‌ಗಳು ಇವನ್ನು ತೆಗೆದು ಹೊಸದು ಹಾಕಿಕೊಂಡಾಗ ಹಳೇ ಮಾಲಿನ ಸಂತೆಯಲ್ಲಿ ರಾಶಿ ಬಿದ್ದು ನೂರು ಡಾಲರಿಗಿಂತ ಕೆಳಗಿಳಿದವು. ಎಂಟು ಕೋರ್, ಹದಿನಾರು ಥ್ರೆಡ್. ಕೋರ್ ಅಂದರೆ ಕೆಲಸದ ಆಳು ಎಂದುಕೊಳ್ಳಿ. ಒಬ್ಬೊಬ್ಬ ಆಳು ಎರಡೆರಡು ಕೆಲಸ ಹಿಡಿದುಕೊಂಡು, ಒಂದಕ್ಕೆ ಬಿಡುವಾದಾಗ ಇನ್ನೊಂದು ಮಾಡುತ್ತಾನೆ, ಹಾಗಾಗಿ ಹದಿನಾರು. ಐ5-1235ಯು ಬಂದದ್ದು 2022ರಲ್ಲಿ. ಅಂಗಡಿಯವರಿಗೆ ಅದೂ ಹಳೆಯದೇ, ನಮಗೆ ಹೊಸದು. ಅದರಲ್ಲಿ ಹತ್ತು ಕೋರ್, ಆದರೆ ಹತ್ತೂ ಒಂದೇ ತರಹದವಲ್ಲ. ಎರಡು ಗಟ್ಟಿ ಆಳು, ಎಂಟು ಸಣ್ಣ ಆಳು. ಗಟ್ಟಿಯವರು ಮಾತ್ರ ಎರಡೆರಡು ಕೆಲಸ ಹಿಡಿಯುತ್ತಾರೆ, ಒಟ್ಟು ಹನ್ನೆರಡು ಥ್ರೆಡ್.

ಹದಿನಾರು ಹನ್ನೆರಡಕ್ಕಿಂತ ಹೆಚ್ಚು ತಾನೇ? ಇಲ್ಲೇ ನಾಟಿ ಗದ್ದೆಗೆ ಇಳಿಯಬೇಕು. ಹದಿನಾರು ಜನ ಹೆಂಗಸರು ಸಾಲು ಹಿಡಿದರೆ ನಾಟಿ ಬೇಗ ಮುಗಿಯುತ್ತದೆ, ಸರಿ. ಆದರೆ ಗದ್ದೆಗೆ ನೀರು ಕಟ್ಟುವವನು ಒಬ್ಬನೇ. ಅವನು ತೂಬು ಬಿಟ್ಟು, ಕೆಸರು ಹದವಾಗುವ ತನಕ ಹದಿನಾರೂ ಜನ ಬದುವಿನ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂರಬೇಕು. ಕಂಪ್ಯೂಟರ್ ಕೆಲಸವೂ ಹಾಗೇ. ಕೆಲವನ್ನು ಹಂಚಿ ಮಾಡಬಹುದು. ಮಿಕ್ಕವು ಒಂದಾದ ಮೇಲೆ ಒಂದು, ಒಬ್ಬನೇ ಮಾಡಬೇಕಾದವು. ಫೈಲ್ ತೆಗೆಯುವುದು, ಬಟನ್ ಒತ್ತಿದ್ದಕ್ಕೆ ಓಗೊಡುವುದು, ಬ್ರೌಸರಿನಲ್ಲಿ ಪುಟ ತೆರೆಯುವುದು ಹೆಚ್ಚಾಗಿ ಈ ಎರಡನೇ ಜಾತಿಯವು. ಅಲ್ಲಿ ಆಳಿನ ಲೆಕ್ಕಕ್ಕಿಂತ ಒಬ್ಬ ಆಳಿನ ಚುರುಕು ಮುಖ್ಯ.

ಚುರುಕಿನ ಅಳತೆ ಗಿಗಾಹರ್ಟ್ಸ್ ಎಂದು ಹೇಳುತ್ತಾರೆ. ಒಂದು ಗಿಗಾಹರ್ಟ್ಸ್ ಅಂದರೆ ಸೆಕೆಂಡಿಗೆ ನೂರು ಕೋಟಿ ತಾಳ. ಹಳೇ ಝಿಯಾನ್ ಹೆಚ್ಚೆಂದರೆ 3.3, ಲ್ಯಾಪ್‌ಟಾಪಿನ ಗಟ್ಟಿ ಕೋರ್ 4.4. ವ್ಯತ್ಯಾಸ ಮೂರನೇ ಒಂದು ಪಾಲು ಅಷ್ಟೇ ಅನ್ನಿಸುತ್ತದೆ. ಆದರೆ ಒಂದೊಂದು ತಾಳಕ್ಕೆ ಎಷ್ಟು ಕೆಲಸ ಆಗುತ್ತದೆ ಎನ್ನುವುದು ಆ ಅಂಕಿಯಲ್ಲಿ ಇಲ್ಲ. ಹತ್ತು ವರ್ಷದಲ್ಲಿ ಪ್ರೊಸೆಸರಿನ ಒಳಗಿನ ಏರ್ಪಾಡು ಬಹಳ ಬದಲಾಗಿದೆ, ಹೊಸದು ಒಂದು ತಾಳದಲ್ಲಿ ಹೆಚ್ಚು ಸೂಚನೆಗಳನ್ನು ಮುಗಿಸುತ್ತದೆ. ಎರಡನ್ನೂ ಸೇರಿಸಿದರೆ, ಒಬ್ಬ ಆಳಿಗೆ ಒಬ್ಬ ಆಳು ನಿಲ್ಲಿಸಿದಾಗ, ಲ್ಯಾಪ್‌ಟಾಪಿನವನು ಹೆಚ್ಚುಕಡಿಮೆ ಎರಡು ಪಟ್ಟು ಚುರುಕು.

ಇಷ್ಟಾದರೂ ನಮ್ಮಲ್ಲಿ ಒಬ್ಬ ಸೋಲಲಿಲ್ಲ. ‘ಝಿಯಾನ್ ಅಂದ್ರೆ ನಮ್ಮ ಬೆಂಗಳೂರಿನದು ಕಣ್ರೋ’ ಎಂದ. ಅವನ ಮಾತಿನಲ್ಲಿ ಅರ್ಧ ಹುರುಳಿತ್ತು. ಇಂಟೆಲ್‌ನ ಬೆಂಗಳೂರು ಕೇಂದ್ರದ ಎಂಜಿನಿಯರುಗಳು ವೈಟ್‌ಫೀಲ್ಡ್ ಎಂಬ ಹೆಸರಿನಲ್ಲೇ ಒಂದು ಸರ್ವರ್ ಪ್ರೊಸೆಸರ್ ಮಾಡಲು ಹೊರಟಿದ್ದರು. ಹೌದು, ಐಟಿ ಕಂಪನಿಗಳ ಅದೇ ವೈಟ್‌ಫೀಲ್ಡ್. ಅದನ್ನು 2005ರಲ್ಲಿ ಕಂಪನಿ ಕೈಬಿಟ್ಟಿತು. ಆಮೇಲೆ ಬೆಂಗಳೂರಿನ ತಂಡವೇ ವಿನ್ಯಾಸ ಮಾಡಿದ ಡನ್ನಿಂಗ್ಟನ್ ಎಂಬುದು 2008ರ ಸೆಪ್ಟೆಂಬರಿನಲ್ಲಿ ಝಿಯಾನ್ 7400 ಸರಣಿಯಾಗಿ ಹೊರಬಂತು. ಒಂದೇ ಚಿಪ್ಪಿನಲ್ಲಿ ಆರು ಕೋರ್ ಇದ್ದ ಇಂಟೆಲ್‌ನ ಮೊದಲ ಪ್ರೊಸೆಸರ್ ಅದು, 190 ಕೋಟಿ ಟ್ರಾನ್ಸಿಸ್ಟರ್. ಆಗ ನಾವು ಶಾಲೆಯಲ್ಲಿದ್ದೆವು. ಕೆ.ಆರ್.ಪೇಟೆಯಿಂದ ಒಂದು ಬಸ್ ಹತ್ತಿದರೆ ಸಿಗುವ ಊರಿನಲ್ಲಿ ಇಂಥದ್ದು ತಯಾರಾಯಿತು ಎಂದು ನಮಗೆ ಯಾರೂ ಹೇಳಿಕೊಡಲಿಲ್ಲ, ಪಠ್ಯದಲ್ಲಿ ಇನ್ನೂ ಫ್ಲಾಪಿ ಡಿಸ್ಕಿನ ಚಿತ್ರ ಇತ್ತು.

ಹೆಮ್ಮೆ ಹೆಮ್ಮೆಯೇ. ಆದರೆ ನಮಗೆ ಹೇಳಿದ್ದು ಡನ್ನಿಂಗ್ಟನ್ ಅಲ್ಲ, ಅದರ ನಂತರದ ಬೇರೆ ಪೀಳಿಗೆ. ಡನ್ನಿಂಗ್ಟನ್ನಿನ ಮೇಲ್ದರ್ಜೆಯ ಎಕ್ಸ್7460 ಅನ್ನೇ ತಂದು ಪಕ್ಕದಲ್ಲಿಟ್ಟರೂ ಲೆಕ್ಕ ಹೀಗಿದೆ: ಆರು ಕೋರ್, ಆರೇ ಥ್ರೆಡ್, 2.66 ಗಿಗಾಹರ್ಟ್ಸ್, 130 ವ್ಯಾಟ್. ಅಂಥ ನಾಲ್ಕನ್ನು ಒಂದೇ ಯಂತ್ರದಲ್ಲಿ ಕೂರಿಸಿ ಬ್ಯಾಂಕು, ದೊಡ್ಡ ಕಂಪನಿಗಳ ಕೆಲಸ ಮಾಡಿಸುತ್ತಿದ್ದರು. ಪ್ರೊಸೆಸರುಗಳಿಗೇ 520 ವ್ಯಾಟ್ ಆಯಿತು, ನಮ್ಮ ಮನೆಯ ಮಿಕ್ಸಿ ದಿನವಿಡೀ ತಿರುಗಿದಂತೆ. ನಮ್ಮ ಲ್ಯಾಪ್‌ಟಾಪಿನ ಐ5-1235ಯು ಮೇಲೆ ಬರೆದಿರುವುದು 15 ವ್ಯಾಟ್.

ಈ ವ್ಯಾಟಿನ ವಿಷಯಕ್ಕೆ ನಮ್ಮನ್ನು ಎಳೆದು ತಂದವರು ಯಾವ ಎಂಜಿನಿಯರೂ ಅಲ್ಲ, ನಮ್ಮ ಎಡಿಟಿಂಗ್ ಮಾಡುವ ಗೆಳತಿಯ ಅಪ್ಪ. ಯಂತ್ರ ಇರಬೇಕಾದ್ದು ಅವರ ಮನೆಯಲ್ಲೇ. ಅವಳು ಹಗಲು ಕೆಲಸಕ್ಕೆ ಹೋಗಿ ಬಂದು ರಾತ್ರಿ ಕೂತು ಎಡಿಟ್ ಮಾಡುವವಳು, ರಾತ್ರಿ ಹೊತ್ತು ಬೇರೆಯವರ ಮನೆಗೆ ಹೋಗುವುದು ಆಗದ ಮಾತು. ನಾವು ಕೋರು ಥ್ರೆಡ್ಡು ಎಂದು ಗುದ್ದಾಡುವುದನ್ನು ಜಗಲಿಯಲ್ಲಿ ಕೂತು ಕೇಳುತ್ತಿದ್ದ ಅವರು ಕೊನೆಗೆ ಬಾಯಿ ಬಿಟ್ಟರು: ‘ಎತ್ತು ಎಷ್ಟೇ ಜೋರಾಗಿರ್ಲಿ ಕನವ್ವ, ಮೇವು ಎಷ್ಟು ತಿಂತದೆ ಅನ್ನೋದ ಮೊದ್ಲು ಯೇಳು.’

ಹಾಗಾಗಿ ಮೇವಿನ ಲೆಕ್ಕ ಹಾಕಿದೆವು. ಇ5-2670ರ ಮೇಲೆ ಬರೆದಿರುವುದು 115 ವ್ಯಾಟ್. ಅದು ಪ್ರೊಸೆಸರ್ ಒಂದಕ್ಕೇ. ಬೋರ್ಡು, ರ‍್ಯಾಮು, ಫ್ಯಾನು, ಹಾರ್ಡ್‌ಡಿಸ್ಕು, ಮಾನಿಟರ್ ಸೇರಿದರೆ ಕೆಲಸದ ಹೊತ್ತಿನಲ್ಲಿ ಇನ್ನೂರು ವ್ಯಾಟ್ ಎಂದು ಇಟ್ಟುಕೊಂಡೆವು. ದಿನಕ್ಕೆ ಆರು ಗಂಟೆ ಓಡಿಸಿದರೆ 1.2 ಯೂನಿಟ್. ಮೂವತ್ತು ದಿನಕ್ಕೆ 36 ಯೂನಿಟ್. ಲ್ಯಾಪ್‌ಟಾಪ್ ಪೂರ್ತಿ ಸೇರಿ ಸರಾಸರಿ 30 ವ್ಯಾಟ್ ಎಂದರೂ ಅದೇ ಆರು ಗಂಟೆಗೆ ತಿಂಗಳಿಗೆ ಐದೂವರೆ ಯೂನಿಟ್ ಒಳಗೆ. ಅವರ ಮನೆಯ ಬಿಲ್ ತೆಗೆದು ನೋಡಿದರೆ ತಿಂಗಳಿಗೆ ಐವತ್ತು ಯೂನಿಟ್ಟಿನ ಆಸುಪಾಸು ಇತ್ತು.

ಗೃಹಜ್ಯೋತಿ ಬಂದ ಮೇಲೆ ‘200 ಯೂನಿಟ್ ಫ್ರೀ’ ಎಂದು ಬಹಳ ಜನ ತಿಳಿದಿದ್ದಾರೆ. ಅದು ಪೂರ್ತಿ ನಿಜ ಅಲ್ಲ. ಪ್ರತಿ ಮನೆಗೂ 2022-23ರಲ್ಲಿ ಬಳಸಿದ ಸರಾಸರಿಯ ಮೇಲೆ ಸ್ವಲ್ಪ ಹೆಚ್ಚಿಗೆ ಸೇರಿಸಿ ಒಂದು ಮಿತಿ ಕಟ್ಟಿದ್ದಾರೆ. ಆ ಮಿತಿ ದಾಟಿದರೆ ದಾಟಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು, ಇನ್ನೂರು ದಾಟಿದರೆ ಇಡೀ ಬಿಲ್ ಕಟ್ಟಬೇಕು. ಐವತ್ತು ಯೂನಿಟ್ಟಿನ ಮನೆಗೆ ಮೂವತ್ತಾರು ಯೂನಿಟ್ ತಂದು ಕೂರಿಸಿದರೆ, ಇಷ್ಟು ದಿನ ಸೊನ್ನೆ ಬರುತ್ತಿದ್ದ ಬಿಲ್ಲಿಗೆ ಪ್ರತಿ ತಿಂಗಳೂ ದುಡ್ಡು ಎಣಿಸಬೇಕು. ನಮ್ಮ ಕೆಲಸಕ್ಕೆ ಅವರ ಮನೆಯವರು ಯಾಕೆ ಕಟ್ಟಬೇಕು? ನಾವೇ ಕೊಡುತ್ತೇವೆ ಎಂದೆವು. ಅವಳಪ್ಪ ನಕ್ಕರು, ಒಪ್ಪಲಿಲ್ಲ. ಮೀಟರ್ ಯಾರ ಮನೆಯದೋ ಮಾತು ಕೇಳಬೇಕಾದವಳು ಅವರ ಮಗಳೇ ಎಂಬುದು ನಮಗೆಲ್ಲ ಅರ್ಥವಾಯಿತು. ‘ಕರೆಂಟ್ ಸುಡ್ತಾಳೆ’ ಎಂಬ ಒಂದು ಮಾತು ಸಾಕು, ಒಬ್ಬ ಹುಡುಗಿಯ ಕೆಲಸ ನಿಲ್ಲಲು.

ಕರೆಂಟ್ ಹೋದಾಗಿನ ಕಥೆ ಬೇರೆಯೇ ಇದೆ. ಡೆಸ್ಕ್‌ಟಾಪಿಗೆ ಜೋಡಿಸುವ ಸಣ್ಣ ಯುಪಿಎಸ್ ಒಳಗೆ 12 ವೋಲ್ಟಿನ 7 ಆಂಪಿಯರ್ ಅವರ್ ಬ್ಯಾಟರಿ ಇರುತ್ತದೆ. ಎರಡನ್ನೂ ಗುಣಿಸಿದರೆ 84 ವ್ಯಾಟ್ ಅವರ್. ಇನ್ನೂರು ವ್ಯಾಟ್ ಎಳೆಯುವ ಯಂತ್ರಕ್ಕೆ ಅದು ಫೈಲ್ ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತು ಸಿಕ್ಕರೆ ಪುಣ್ಯ. ಲ್ಯಾಪ್‌ಟಾಪಿನ ಬ್ಯಾಟರಿ ಅದಕ್ಕಿಂತ ಚಿಕ್ಕದು, 50 ವ್ಯಾಟ್ ಅವರ್ ಅಂದುಕೊಳ್ಳಿ. ಆದರೂ ಹಗುರ ಕೆಲಸಕ್ಕೆ ಎರಡು ಎರಡೂವರೆ ಗಂಟೆ ದೂಡುತ್ತದೆ, ಯಾಕೆಂದರೆ ಮೇಯುವುದೇ ಕಡಿಮೆ. ಮಳೆಗಾಲದಲ್ಲಿ ಒಂದು ಗಾಳಿ ಬೀಸಿದರೆ ನಮ್ಮ ಕಡೆ ಕರೆಂಟ್ ಎಷ್ಟು ಹೊತ್ತು ಹೋಗುತ್ತದೆ ಎಂದು ನಿಮಗೆ ನಾವು ಹೇಳಬೇಕಿಲ್ಲ.

ವಿಡಿಯೊ ಎಡಿಟಿಂಗ್ ಮಟ್ಟಿಗೆ ಇನ್ನೊಂದು ದೊಡ್ಡ ವ್ಯತ್ಯಾಸ ಇದೆ. ಸರ್ವರ್ ಪ್ರೊಸೆಸರಿನ ಗುಂಗಿನಲ್ಲಿರುವವರು ಇದನ್ನು ಮರೆಯುತ್ತಾರೆ. ಈಗಿನ ಹಲವು ಫೋನುಗಳು ಜಾಗ ಉಳಿಸಲು ಎಚ್‌ಇವಿಸಿ ಎಂಬ ರೀತಿಯಲ್ಲಿ ವಿಡಿಯೊವನ್ನು ಒತ್ತಿ ಮಡಚಿ ಇಡುತ್ತವೆ. ನೋಡಬೇಕಾದರೆ ಆ ಮಡಿಕೆ ಬಿಚ್ಚಬೇಕು, ಎಡಿಟ್ ಮಾಡುವಾಗ ಹಿಂದೆ ಮುಂದೆ ಎಳೆದಂತೆಲ್ಲ ಬಿಚ್ಚುತ್ತಲೇ ಇರಬೇಕು. ಐ5-1235ಯು ಒಳಗೆ ಗ್ರಾಫಿಕ್ಸ್ ಭಾಗ ಸೇರಿಯೇ ಇದೆ, ಅದರಲ್ಲಿ ಈ ಬಿಚ್ಚುವ ಮಡಚುವ ಕೆಲಸಕ್ಕೆಂದೇ ಒಂದು ಬೇರೆ ಯಂತ್ರಾಂಗ ಇದೆ. ಇಂಟೆಲ್ ಅದನ್ನು ಕ್ವಿಕ್ ಸಿಂಕ್ ಎನ್ನುತ್ತದೆ. ಕೋರ್‌ಗಳಿಗೆ ಅಷ್ಟು ಹೊರೆ ಇಳಿಯುತ್ತದೆ. ಇ5-2670ರಲ್ಲಿ ಗ್ರಾಫಿಕ್ಸೇ ಇಲ್ಲ. ಪರದೆ ಮೇಲೆ ಚಿತ್ರ ಬರಬೇಕಾದರೂ ಬೇರೆ ಕಾರ್ಡ್ ಹಾಕಬೇಕು. ಕಾರ್ಡ್ ಹಳೆಯದಾದರೆ ಎಚ್‌ಇವಿಸಿ ಬಿಚ್ಚುವ ಕೆಲಸವೂ ಕೋರ್‌ಗಳ ತಲೆಗೇ. ಸರಿಯಾದ ಕಾರ್ಡ್ ಹಾಕಿದರೆ ಅದಕ್ಕೆ ಬೇರೆ ದುಡ್ಡು, ಬೇರೆ ವ್ಯಾಟ್. ಹದಿನಾಲ್ಕು ಸಾವಿರ ಅಲ್ಲಿಗೇ ನಿಲ್ಲುವುದಿಲ್ಲ.

ಇನ್ನೆರಡು ಮಾತು ಬೇಗ ಹೇಳಿಬಿಡುತ್ತೇವೆ. ಇ5-2670 ವಿಂಡೋಸ್ 11 ಕೊಡುವವರ ಪಟ್ಟಿಯಲ್ಲಿ ಇಲ್ಲ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಲಿನಕ್ಸ್ ಹಾಕಿಕೊಂಡರೆ ಆರಾಮಾಗಿ ಓಡುತ್ತದೆ, ಅದು ಕಲಿಯುವ ಮನಸ್ಸಿದ್ದವರಿಗೆ. ಮತ್ತೆ, ಎವಿಎಕ್ಸ್2 ಎಂಬ ಸೂಚನೆಗಳ ಕಟ್ಟು ಇಂಟೆಲ್‌ನಲ್ಲಿ ಬಂದದ್ದು 2013ರಲ್ಲಿ. ಈ ಝಿಯಾನ್ ಅದಕ್ಕಿಂತ ಹಿಂದಿನದು. ಮಾತನ್ನು ಬರಹ ಮಾಡಿಕೊಡುವಂಥ ಹೊಸ ತಂತ್ರಾಂಶಗಳಲ್ಲಿ ಬಹಳಷ್ಟು ಅದನ್ನು ಕೇಳುತ್ತವೆ. ಹಿರಿಯರ ಸಂದರ್ಶನಗಳನ್ನು ಬರಹಕ್ಕೆ ಇಳಿಸುವ ಆಸೆ ನಮಗಿದೆ, ಮಂಡ್ಯದ ಮಾತು ಆ ತಂತ್ರಾಂಶಗಳಿಗೆ ಎಷ್ಟು ಅರ್ಥವಾಗುತ್ತದೋ ಅದು ಬೇರೆ ವಿಚಾರ.

ಇಷ್ಟು ಹೇಳಿ ಸರ್ವರ್ ಪ್ರೊಸೆಸರನ್ನು ತೆಗಳಿದಂತೆ ಕಂಡರೆ ಅನ್ಯಾಯ. ಲ್ಯಾಪ್‌ಟಾಪಿನ ಮೇಲಿನ 15 ವ್ಯಾಟ್ ಎಂಬ ಅಂಕಿ ಪೂರ್ತಿ ಸತ್ಯ ಹೇಳುವುದಿಲ್ಲ. ಜೋರಾಗಿ ಓಡುವಾಗ ಅದೇ ಪ್ರೊಸೆಸರ್ 55 ವ್ಯಾಟ್ ತನಕ ಎಳೆಯಲು ಇಂಟೆಲ್ ಬಿಟ್ಟಿದೆ. 4.4 ಗಿಗಾಹರ್ಟ್ಸ್ ಎಂಬುದು ಆ ಹೊತ್ತಿನ ಮಾತು. ಸ್ವಲ್ಪ ಹೊತ್ತಿಗೆ ಕಾದು, ಫ್ಯಾನ್ ಕಿರುಚಿ, ವೇಗ ತಾನೇ ಇಳಿಯುತ್ತದೆ. ಏಪ್ರಿಲ್ ತಿಂಗಳಲ್ಲಿ ಶೀಟ್ ಮನೆಯೊಳಗೆ ಕೂತು ಅರ್ಧ ಗಂಟೆ ವಿಡಿಯೊ ಎಕ್ಸ್‌ಪೋರ್ಟ್ ಕೊಟ್ಟು ನೋಡಿ, ಮೊದಲ ಐದು ನಿಮಿಷದ ಓಟ ಕೊನೆಗೆ ಇರುವುದಿಲ್ಲ. ಝಿಯಾನ್ ಹಾಗಲ್ಲ. ದಪ್ಪ ಹೀಟ್‌ಸಿಂಕು, ದೊಡ್ಡ ಫ್ಯಾನು, ಬೆಳಗ್ಗೆ ಹಿಡಿದ ನಡಿಗೆಯಲ್ಲೇ ಸಂಜೆಯೂ ಇರುತ್ತದೆ. ರ‍್ಯಾಮ್‌ನಲ್ಲಿ ಒಂದು ಅಂಕಿ ತಪ್ಪಿದರೆ ಹಿಡಿದು ತಿದ್ದುವ ಇಸಿಸಿ ವ್ಯವಸ್ಥೆ ಅದಕ್ಕಿದೆ, ನಮ್ಮ ಲ್ಯಾಪ್‌ಟಾಪಿಗಿಲ್ಲ. ರಾಶಿ ಹಾರ್ಡ್‌ಡಿಸ್ಕ್ ಜೋಡಿಸಿ, ನಾಲ್ಕಾರು ಜನ ಒಟ್ಟಿಗೆ ಬಳಸುವ ಜಾಗಕ್ಕೆ ಅದು ಇವತ್ತಿಗೂ ಒಳ್ಳೇ ಯಂತ್ರ.

ರ‍್ಯಾಮ್ ವಿಷಯದಲ್ಲಿ ಒಂದು ತಮಾಷೆ ಸಿಕ್ಕಿತು. ಝಿಯಾನ್‌ಗೆ ರ‍್ಯಾಮಿನಿಂದ ನಾಲ್ಕು ಕಾಲುವೆ, ಒಂದೊಂದರಲ್ಲಿ ಸೆಕೆಂಡಿಗೆ 12.8 ಜಿಬಿ, ಒಟ್ಟು 51.2. ಲ್ಯಾಪ್‌ಟಾಪಿನಲ್ಲಿ 3200 ವೇಗದ ಡಿಡಿಆರ್4 ಕಡ್ಡಿ ಒಂದೇ ಇದ್ದರೆ 25.6. ಇನ್ನೊಂದು ಕಡ್ಡಿ ಸಿಕ್ಕಿಸಿದರೆ ಎರಡು ಕಾಲುವೆ ತೆರೆದು ಸರಿಯಾಗಿ 51.2! 2012ರ ಸರ್ವರಿನ ನಾಲ್ಕು ಕಾಲುವೆಯ ನೀರು ಲ್ಯಾಪ್‌ಟಾಪಿನ ಎರಡರಲ್ಲೇ ಹರಿಯಿತು. ಅಂಗಡಿಗಳಲ್ಲಿ ಬಹಳ ಲ್ಯಾಪ್‌ಟಾಪುಗಳನ್ನು ಒಂದೇ 8 ಜಿಬಿ ಕಡ್ಡಿ ಹಾಕಿ ಮಾರುತ್ತಾರೆ. ಅದೇ ಪ್ರೊಸೆಸರಿನ ಗ್ರಾಫಿಕ್ಸ್ ಭಾಗಕ್ಕೂ ಈ ನೀರೇ ಬೇಕು, ಎರಡನೇ ಕಡ್ಡಿ ಇಲ್ಲದಿದ್ದರೆ ಅದು ಒಣಗುತ್ತದೆ. ಕೊಳ್ಳುವ ಮುಂಚೆ ‘ಇನ್ನೊಂದು ರ‍್ಯಾಮ್ ಹಾಕಲು ಜಾಗ ಇದೆಯಾ’ ಎಂದು ಕೇಳಿ. ಇಲ್ಲದ ಮಾಡೆಲ್ಲುಗಳೂ ಇವೆ, ಆಮೇಲೆ ಏನೂ ಮಾಡಲು ಬರುವುದಿಲ್ಲ.

ಬರೀ ‘ಐ5’ ಎಂಬ ಮಾತಿಗೂ ಮರುಳಾಗಬೇಡಿ. 2010ರಲ್ಲೂ ಐ5 ಇತ್ತು, 2022ರಲ್ಲೂ ಐ5 ಇದೆ. ಪೂರ್ತಿ ನಂಬರ್ ಬರೆಸಿಕೊಳ್ಳಿ. 1235ರಲ್ಲಿ ಮೊದಲ 12 ಎಂದರೆ ಹನ್ನೆರಡನೇ ಪೀಳಿಗೆ, ಕೊನೆಯ ಯು ಎಂದರೆ ಕಡಿಮೆ ಕರೆಂಟಿನದು. ಎಚ್ ಎಂದಿದ್ದರೆ ಜೋರಿನದು, ಮೇವೂ ಜಾಸ್ತಿ. ಸೆಕೆಂಡ್‌ಹ್ಯಾಂಡ್ ತೆಗೆದುಕೊಳ್ಳುವವರಿಗಂತೂ ಈ ನಂಬರೇ ಜಾತಕ.

ನಾವು ಲ್ಯಾಪ್‌ಟಾಪ್ ತೆಗೆದುಕೊಂಡೆವು. ಜೊತೆಗೆ 8 ಜಿಬಿಯ ಇನ್ನೊಂದು ಕಡ್ಡಿ. ಝಿಯಾನ್ ಪರ ಇದ್ದ ಮೂವರಲ್ಲಿ ಇಬ್ಬರು ಒಪ್ಪಿದರು, ಒಬ್ಬ ಇವತ್ತಿಗೂ ಗೊಣಗುತ್ತಾನೆ. ಅವನ ವಾದ ಏನೆಂದರೆ, ಉಳಿದ ಮೂವತ್ತು ಚಿಲ್ಲರೆ ಸಾವಿರಕ್ಕೆ ಒಳ್ಳೇ ಮೈಕು, ಟ್ರೈಪಾಡು, ಎರಡು ವರ್ಷದ ಕರೆಂಟು ಎಲ್ಲ ಆಗುತ್ತಿತ್ತು. ಸುಳ್ಳಲ್ಲ. ಸ್ವಂತ ಕೋಣೆ, ಬೇರೆ ಮೀಟರು ಇರುವ ಗುಂಪಾಗಿದ್ದರೆ ನಾವೂ ಹಾಗೇ ಮಾಡುತ್ತಿದ್ದೆವೇನೋ. ಆದರೆ ಎಡಿಟ್ ಮಾಡುವವಳು ಮನೆಯಲ್ಲೇ ಕೂರಬೇಕು, ಗ್ರಾಮಸಭೆ ನಡೆದ ಊರಿಗೇ ಯಂತ್ರ ಹೊತ್ತೊಯ್ದು ಅಲ್ಲೇ ಕತ್ತರಿಸಿ ಸಂಜೆಗೆ ಹಾಕಬೇಕು. ಹದಿನೈದು ಕೆ.ಜಿ.ಯ ಪೆಟ್ಟಿಗೆಯನ್ನು ಬೈಕಿನ ಹಿಂದೆ ಕಟ್ಟಿಕೊಂಡು ಹೋಗಲಾಗುವುದಿಲ್ಲ.

ಆ ವರ್ಕ್‌ಸ್ಟೇಷನ್ನನ್ನು ಆಮೇಲೆ ಕೆ.ಆರ್.ಪೇಟೆಯಲ್ಲಿ ಫೋಟೊ ಆಲ್ಬಂ ಕೆಲಸ ಮಾಡುವ ಗೆಳೆಯರೊಬ್ಬರು ತರಿಸಿಕೊಂಡರು. ನಾಲ್ಕು ಹಾರ್ಡ್‌ಡಿಸ್ಕ್ ಜೋಡಿಸಿ, ಲಿನಕ್ಸ್ ಹಾಕಿ, ಮದುವೆ ಫೋಟೊಗಳನ್ನೆಲ್ಲ ಅದರಲ್ಲಿ ಇಡುತ್ತಾರೆ. ಅಂಗಡಿಯ ಮೂರು ಕಂಪ್ಯೂಟರಿನವರು ಒಟ್ಟಿಗೆ ಅದರಿಂದಲೇ ತೆಗೆದುಕೊಳ್ಳುತ್ತಾರೆ. ನಮ್ಮ ದೇವಸ್ಥಾನದ ವಿಡಿಯೊದ ನೂರು ಚಿಲ್ಲರೆ ಜಿಬಿಗೂ ಅದರಲ್ಲಿ ಒಂದು ಫೋಲ್ಡರ್ ಮಾಡಿಕೊಟ್ಟಿದ್ದಾರೆ, ಬಾಡಿಗೆ ಇಲ್ಲ. ಎಡಿಟಿಂಗ್ ಅರ್ಧ ಆಗಿದೆ. ಉತ್ತರದ ಗೋಡೆಯ ಮಹಾಭಾರತದ ಸಾಲಿನ ಹತ್ತಿರ ಬೆಳಗಿನ ಬೆಳಕು ಸರಿಯಾಗಿ ಸಿಕ್ಕಿಲ್ಲ, ಬರುವ ಭಾನುವಾರ ಇನ್ನೊಂದು ಸಲ ಕ್ಯಾಮೆರಾ ಹಿಡಿಯಬೇಕು.